ಕಾಫಿಯ ಬೆಟ್ಟಗಳೂ ಇಂಜನಿಯರಿಂಗ್ ವಿದ್ಯೆಯೂ

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಎಂಬ ಹೆಸರುಗಳನ್ನು ಕೇಳಿದೊಡನೆ ಪಟ್ಟಣವಾಸಿಗಳಾದ ನಮಗೆ ಕಾಫಿಯ ತೋಟಗಳೂ, ಅವುಗಳಿಗೆ ನೆರಳು ಹಿಡಿದ ಮರಗಳೂ, ಆಷಾಢದ ಬಿಡದ ಮಳೆಯೂ ನೆನಪಾಗುವುದು ಸಹಜ. ಈ ಬೆಟ್ಟಗಳಿಗೂ ಇಂಜನಿಯರಿಂಗ್ ವಿದ್ಯೆಗೂ ಏನು ಸಂಬಂಧವೆಂದು ಕೇಳುವವರೂ ನಮ್ಮಲ್ಲಿ ಉಂಟು. ಸಂಬಂಧವು ಬಹಳ ಹತ್ತಿರದ್ದು. ಪಲ್ಪರಿಗೆ ಹಾಕುವ ಕಾಫಿಯ ಹಣ್ಣನ್ನು ಕಿತ್ತ ದಿನವೇ ಸಿಪ್ಪೆ ಬಿಡಿಸಬೇಕು. ಅದಕ್ಕೆ ಯಂತ್ರ ಬೇಕು. ಯಂತ್ರಕ್ಕೆ ಶಕ್ತಿ ಬೇಕು. ತೊಳೆಯುವುದಕ್ಕೆ ಇಳಿಜಾರಿನ ಮೇಲಕ್ಕೆ ನೀರನ್ನು ಏರಿಸಿ ತರಬೇಕು. ತೋಟದ ರಸ್ತೆಯು ಒಂದು ಮಳೆಗಾಲಕ್ಕೇ ಕೊಚ್ಚಿಹೋಗಬಾರದೆಂದರೆ ಅದರ ಮಗ್ಗುಲ ಚರಂಡಿಗೆ ಎಷ್ಟು ಓಟ ಕೊಡಬೇಕೆಂಬುದನ್ನು ಲೆಕ್ಕ ಹಾಕಿ ತೆಗೆಯಬೇಕು. ಹಳ್ಳ ತುಂಬಿ ಹರಿಯುವಾಗ ಮಕ್ಕಳು ಶಾಲೆಗೆ ಹೋಗಬೇಕಾದರೆ ಕಾಲುಸಂಕ ಗಟ್ಟಿಯಾಗಿರಬೇಕು. ಇಂಜನಿಯರಿಂಗ್ ಎಂಬ ಹೆಸರನ್ನು ಹೇಳದೆಯೇ ಮಲೆನಾಡಿನ ಜನರು ಪ್ರತಿದಿನವೂ ಅದರ ಪ್ರಶ್ನೆಗಳನ್ನು ಎದುರಿಸುತ್ತಿರುವರು.

ಹೀಗಿದ್ದರೂ ಈ ಬೆಟ್ಟಗಳ ಮಕ್ಕಳು ಇಂಜನಿಯರಿಂಗ್ ಪದವಿಯನ್ನು ಪಡೆಯುವುದು ಬಹುಕಾಲ ಕಷ್ಟಸಾಧ್ಯವಾಗಿತ್ತು. ಪಡೆದವರಿಗೂ ಆ ವಿದ್ಯೆಯು ಒಂದೇ ಸಂಸ್ಥೆಯಿಂದ ದೊರೆತುದಲ್ಲ. ಮನೆಗೆ ಸಮೀಪದ ಸಣ್ಣ ಕಾಲೇಜಿನಲ್ಲಿ ಎರಡು ಮೂರು ವರ್ಷ, ಅನಂತರ ವಿಶ್ವವಿದ್ಯಾನಿಲಯದ ಇಂಜನಿಯರಿಂಗ್ ಕಾಲೇಜಿನಲ್ಲಿ ಉಳಿದ ವರ್ಷಗಳು: ಹೀಗೆ ಎರಡು ಮೆಟ್ಟಿಲುಗಳ ಮೇಲೆ ಅವರು ಹತ್ತಬೇಕಾಯಿತು. ಆ ಎರಡು ಮೆಟ್ಟಿಲುಗಳ ನಡುವಿನ ಬೆಸುಗೆಯು ಎಲ್ಲಿ ಗಟ್ಟಿಯಾಗಿತ್ತು, ಎಲ್ಲಿ ಬಿರುಕುಬಿಟ್ಟಿತ್ತು ಎಂಬುದನ್ನು ಚರಿತ್ರೆಯ ಕ್ರಮದಲ್ಲಿ ಪರಿಶೀಲಿಸುವುದು ಈ ಭಾಷಣದ ಉದ್ದೇಶ.

ಮೊದಲು ಬೆಟ್ಟಗಳಲ್ಲಿ ನಡೆದ ದೊಡ್ಡ ಕೆಲಸಗಳನ್ನು ನೋಡೋಣ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದ ಸಂಪತ್ ಅಯ್ಯಂಗಾರ್ಯರು ೧೯೧೩ರಲ್ಲಿ ಕುದುರೆಮುಖದ ಶಿಖರಗಳಲ್ಲಿ ಮ್ಯಾಗ್ನಟೈಟ್ ಜಾತಿಯ ಕಬ್ಬಿಣದ ಅದಿರು ಹೇರಳವಾಗಿರುವುದನ್ನು ಗುರುತಿಸಿದರು. ಬಾಬಾಬುಡನ್ ಶ್ರೇಣಿಯ ಕೆಮ್ಮಣ್ಣುಗುಂಡಿಯಿಂದ ಅದಿರನ್ನು ತೂಗುಹಗ್ಗದ ಮಾರ್ಗದ ಮೂಲಕ ಇಳಿಸಿ ಭದ್ರಾವತಿಗೆ ಸಾಗಿಸುವ ಏರ್ಪಾಡಾಯಿತು. ಅಲ್ಲಿಯ ಕಬ್ಬಿಣದ ಕಾರ್ಖಾನೆಯು ೧೯೨೩ರಲ್ಲಿ ಉತ್ಪಾದನೆಯನ್ನು ಪ್ರಾರಂಭಿಸಿತು. ಕಾಫಿಯ ರೋಗಗಳನ್ನೂ ಬೇಸಾಯವನ್ನೂ ಕುರಿತ ಸಂಶೋಧನೆಗಾಗಿ ೧೯೧೫ರಲ್ಲಿ ಕೊಪ್ಪದಲ್ಲಿ ತಾತ್ಕಾಲಿಕವಾಗಿಯೂ, ೧೯೨೫ರಲ್ಲಿ ಬಾಳೆಹೊನ್ನೂರಿನ ಬಳಿ ಸ್ಥಿರವಾಗಿಯೂ ಒಂದು ಕೇಂದ್ರವು ಏರ್ಪಟ್ಟಿತು. ಅದಿರು ಬೆಟ್ಟದ್ದು, ನೀರು ಬೆಟ್ಟದ್ದು, ಬೆಳೆಯೂ ಬೆಟ್ಟದ್ದು. ಇವುಗಳನ್ನು ಅಳೆದು, ಯೋಜಿಸಿ, ಕಟ್ಟಿಸುವ ವಿದ್ಯೆಯನ್ನು ಕಲಿಸುವ ಸ್ಥಳ ಮಾತ್ರ ಬೆಟ್ಟದಿಂದ ಬಹುದೂರದಲ್ಲಿತ್ತು.

ಹಿಂದೂದೇಶದಲ್ಲಿ ಇಂಜನಿಯರಿಂಗ್ ಕಾಲೇಜುಗಳು ಹುಟ್ಟಿದುದು ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ. ರೂರ್ಕಿಯ ಕಾಲೇಜು ೧೮೪೭ರದು. ಪುಣೆಯ ಶಾಲೆ ೧೮೫೪ರಲ್ಲಿ ಆರಂಭವಾಯಿತು. ಮದರಾಸಿನ ಹಳೆಯ ಮೋಜಣಿ ಶಾಲೆಯು ೧೮೫೯ರಲ್ಲಿ ಇಂಜನಿಯರಿಂಗ್ ಕಾಲೇಜಾಯಿತು. ಮೈಸೂರಿನ ವಿದ್ಯಾರ್ಥಿಗೆ ಇಂಜನಿಯರಿಂಗಿನ ಪದವಿ ಬೇಕಾದರೆ ಸಂಸ್ಥಾನದ ಗಡಿಯನ್ನು ದಾಟದೆ ಬೇರೆ ದಾರಿಯಿರಲಿಲ್ಲ.

ಆಗಿನ ಉಚ್ಚ ಶಿಕ್ಷಣದ ರಚನೆಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಮದರಾಸು ವಿಶ್ವವಿದ್ಯಾನಿಲಯದ ವ್ಯಾಪ್ತಿಯಲ್ಲಿ ಕಾಲೇಜುಗಳು ಎರಡು ದರ್ಜೆಯವು. ಬಿ.ಎ. ವರೆಗೆ ಕಲಿಸುವಂಥವು ಮೊದಲನೆಯ ದರ್ಜೆಯವು. ಎರಡು ವರ್ಷಗಳ ಎಫ್.ಎ. ತರಗತಿಯನ್ನು ಮಾತ್ರ ನಡೆಸುವಂಥವು ಎರಡನೆಯ ದರ್ಜೆಯವು. ಈ ಎಫ್.ಎ. ಪರೀಕ್ಷೆಯೇ ಮುಂದೆ ಇಂಟರ್‌ಮೀಡಿಯೇಟ್ ಎಂಬ ಹೆಸರನ್ನು ಪಡೆಯಿತು. ಎರಡನೆಯ ದರ್ಜೆಯೆಂಬ ಹೆಸರು ಕಿವಿಗೆ ಕೀಳಾಗಿ ಕೇಳಿಸಬಹುದು. ಅದರ ಉಪಯೋಗವು ಕೀಳಾಗಿರಲಿಲ್ಲ. ಪೂರ್ಣ ಕಾಲೇಜನ್ನು ನಡೆಸಲು ಬೇಕಾದ ಅಧ್ಯಾಪಕರೂ ಪ್ರಯೋಗಶಾಲೆಗಳೂ ಇಲ್ಲದ ಊರಿನಲ್ಲಿಯೂ ಎರಡು ವರ್ಷಗಳ ಪಾಠವನ್ನು ಒಪ್ಪವಾಗಿ ನಡೆಸಬಹುದಾಗಿತ್ತು. ಪರೀಕ್ಷೆಯನ್ನು ವಿಶ್ವವಿದ್ಯಾನಿಲಯವೇ ನಡೆಸುತ್ತಿದ್ದುದರಿಂದ ಸಣ್ಣ ಊರಿನ ಹುಡುಗನಿಗೆ ದೊರೆತ ಎಫ್.ಎ.ಗೂ ಮದರಾಸಿನ ಹುಡುಗನಿಗೆ ದೊರೆತ ಎಫ್.ಎ.ಗೂ ಬೆಲೆ ಒಂದೇ. ಮೊದಲ ಮೆಟ್ಟಿಲು ಎಲ್ಲಿದ್ದರೂ ಎರಡನೆಯ ಮೆಟ್ಟಿಲಿನವರು ಅದನ್ನು ತಮ್ಮದೆಂದೇ ಒಪ್ಪಿಕೊಳ್ಳುತ್ತಿದ್ದರು.

ಹೀಗೆ ಒಂದು ಕಡೆ ಕಲಿತು ಇನ್ನೊಂದು ಕಡೆ ಇಂಜನಿಯರ್ ಆದವರಲ್ಲಿ ಅತ್ಯಂತ ಪ್ರಸಿದ್ಧರು ಸರ್ ಎಂ. ವಿಶ್ವೇಶ್ವರಯ್ಯನವರು. ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ಪುಣೆಯ ವಿಜ್ಞಾನ ಕಾಲೇಜನ್ನು ಸೇರಿ, ೧೮೮೩ರಲ್ಲಿ ಎಲ್.ಸಿ.ಇ. ಪರೀಕ್ಷೆಯಲ್ಲಿ ಪ್ರಥಮರಾಗಿ ತೇರ್ಗಡೆಯಾದರು. ಬೆಂಗಳೂರಿನ ಕಾಲೇಜು ಮದರಾಸು ವಿಶ್ವವಿದ್ಯಾನಿಲಯಕ್ಕೂ, ಪುಣೆಯದು ಬೊಂಬಾಯಿ ವಿಶ್ವವಿದ್ಯಾನಿಲಯಕ್ಕೂ ಸೇರಿದ್ದವು. ಒಂದರ ವಿದ್ಯೆಯನ್ನು ಇನ್ನೊಂದು ಮನ್ನಿಸದೆ ಹೋಗಿದ್ದರೆ, ಅಥವಾ ದೂರದ ಊರಿನ ಖರ್ಚಿಗೆ ಸರ್ಕಾರದ ವಿದ್ಯಾರ್ಥಿವೇತನವು ಒದಗದೆ ಹೋಗಿದ್ದರೆ, ತಂದೆಯನ್ನು ಎಳವೆಯಲ್ಲಿಯೇ ಕಳೆದುಕೊಂಡಿದ್ದ ಆ ಬಡ ವಿದ್ಯಾರ್ಥಿಯ ಮಾರ್ಗ ಯಾವ ಕಡೆಗೆ ತಿರುಗುತ್ತಿತ್ತೆಂದು ಹೇಳಬಲ್ಲವರು ಯಾರು?

ದಿವಾನರಾದ ಮೇಲೆ ಅವರು ಎರಡನೆಯ ಮೆಟ್ಟಿಲನ್ನು ಸಂಸ್ಥಾನದೊಳಕ್ಕೇ ತಂದರು. ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ, ಅದರ ಮರುವರ್ಷ ಬೆಂಗಳೂರಿನಲ್ಲಿ ಇಂಜನಿಯರಿಂಗ್ ಕಾಲೇಜೂ ಸ್ಥಾಪಿತವಾದವು. ಸಿವಿಲ್ ಮತ್ತು ಮೆಕ್ಯಾನಿಕಲ್ ಎಂಬ ಎರಡು ಶಾಖೆಗಳಿಂದ, ಲೋಕೋಪಯೋಗಿ ಇಲಾಖೆಯ ಕಟ್ಟಡದಲ್ಲಿ ಆ ಕಾಲೇಜು ಆರಂಭವಾಯಿತು. ಅದೇ ಇಂದು ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತಿದೆ. ಅದು ಸಂಸ್ಥಾನದ ಮೊಟ್ಟಮೊದಲ ಇಂಜನಿಯರಿಂಗ್ ಕಾಲೇಜು; ಸುಮಾರು ಮೂವತ್ತು ವರ್ಷಗಳವರೆಗೆ ಪದವಿಯನ್ನು ಪಡೆಯಲು ನಮ್ಮ ವಿದ್ಯಾರ್ಥಿಗಳೆಲ್ಲರೂ ಅಲ್ಲಿಗೇ ಹೋಗಬೇಕಾಗಿತ್ತು.

ಆಗ ಕಡೂರು ಜಿಲ್ಲೆಯೆಂದು ಕರೆಯಲ್ಪಡುತ್ತಿದ್ದ ಈ ಸೀಮೆಯಿಂದ ಬೆಂಗಳೂರಿಗೆ ಹೋಗುವುದು ಸುಲಭವಾಗಿರಲಿಲ್ಲ. ಕಳಸದಿಂದ ಜಿಲ್ಲೆಯ ಕೇಂದ್ರವಾದ ಚಿಕ್ಕಮಗಳೂರಿಗೆ ಘಟ್ಟದ ದಾರಿಯಲ್ಲಿ ಬರಬೇಕು; ಅಲ್ಲಿಂದ ಬಯಲಿಗಿಳಿದು ಕಡೂರಿನಲ್ಲಿ ರೈಲನ್ನು ಹಿಡಿಯಬೇಕು. ಚಿಕ್ಕಮಗಳೂರಿಗೆ ರೈಲು ಬಂದುದು ೨೦೧೩ರಲ್ಲಿ ಎಂಬುದನ್ನು ನೆನೆದರೆ ಈ ದೂರದ ಅರ್ಥವು ವಿಶದವಾಗುವುದು. ಇದಕ್ಕೆ ಮೇಲೆ ಪಟ್ಟಣದ ಊಟ ವಸತಿಗಳ ವೆಚ್ಚ. ಪ್ರೌಢಶಾಲೆ ಮುಗಿಸಿದ ಹದಿನೇಳರ ಹುಡುಗನನ್ನು ಅಷ್ಟು ದೂರ, ಆರು ವರ್ಷಗಳ ಕಾಲ ಇರಿಸುವ ಶಕ್ತಿ ಎಷ್ಟು ಮನೆಗಳಿಗೆ ಇತ್ತು? ಹೆಣ್ಣುಮಕ್ಕಳ ವಿಚಾರದಲ್ಲಿ ಈ ಪ್ರಶ್ನೆಯೇ ಏಳುತ್ತಿರಲಿಲ್ಲ.

ಇಂಥ ಸನ್ನಿವೇಶದಲ್ಲಿ ಇಂಟರ್‌ಮೀಡಿಯೇಟ್ ಕಾಲೇಜು ಮಾಡಿದ ಉಪಕಾರವು ದೊಡ್ಡದು. ಮೈಸೂರು ವಿಶ್ವವಿದ್ಯಾನಿಲಯವು ಕ್ರಮವಾಗಿ ಎರಡು ವರ್ಷಗಳ ಈ ವ್ಯಾಸಂಗವನ್ನು ಜಿಲ್ಲೆಗಳಿಗೆ ಹರಡಿತು. ಶಿವಮೊಗ್ಗದಲ್ಲಿ ೧೯೪೦ರ ಸುಮಾರಿಗೆ ಸ್ಥಾಪಿತವಾದ ಇಂಟರ್‌ಮೀಡಿಯೇಟ್ ಕಾಲೇಜು ಮುಂದೆ ಸಹ್ಯಾದ್ರಿ ಕಾಲೇಜೆಂದು ಹೆಸರಾಯಿತು. ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರಗಳನ್ನು ಮಲೆನಾಡಿನಲ್ಲಿಯೇ ಓದಿ, ಅದೇ ವಿಶ್ವವಿದ್ಯಾನಿಲಯದ ಇಂಜನಿಯರಿಂಗ್ ಕಾಲೇಜಿಗೆ ಅರ್ಜಿ ಹಾಕಬಹುದಾಯಿತು. ಎರಡು ಸಂಸ್ಥೆಗಳಿಗೂ ಪಾಠಪಟ್ಟಿಯನ್ನು ಗೊತ್ತುಮಾಡುವವರು ಒಬ್ಬರೇ ಆಗಿದ್ದುದರಿಂದ ಕೆಳಗಿನ ತರಗತಿ ಮುಗಿದ ಕಡೆಯಲ್ಲಿ ಮೇಲಿನ ತರಗತಿ ಮೊದಲಾಗುತ್ತಿತ್ತು.

೧೯೪೬ರಿಂದ ಇಂಜನಿಯರಿಂಗ್ ಕಾಲೇಜುಗಳ ಸಂಖ್ಯೆಯು ಬೆಳೆಯಿತು. ಆ ವರ್ಷ ಬೆಂಗಳೂರಿನಲ್ಲಿ ಬಿ.ಎಂ. ಶ್ರೀನಿವಾಸಯ್ಯನವರ ಕಾಲೇಜೂ, ಮೈಸೂರಿನಲ್ಲಿ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಜನಿಯರಿಂಗ್ ಎಂಬ ಸಂಸ್ಥೆಯೂ ಹುಟ್ಟಿದವು. ೧೯೬೦ರಲ್ಲಿ ಕೇಂದ್ರ ಸರ್ಕಾರ, ರಾಜ್ಯ ಸರ್ಕಾರ ಮತ್ತು ಮಲೆನಾಡು ತಾಂತ್ರಿಕ ಶಿಕ್ಷಣ ಸಂಘ, ಈ ಮೂವರ ಸಹಕಾರದಿಂದ ಹಾಸನದಲ್ಲಿ ಮಲೆನಾಡು ಇಂಜನಿಯರಿಂಗ್ ಕಾಲೇಜು ತೆರೆಯಲ್ಪಟ್ಟಿತು. ಮಲೆನಾಡಿನ ಹೆಸರಿನಲ್ಲಿ ಮಲೆನಾಡಿನ ಬಾಗಿಲಿಗೆ ಬಂದ ಮೊದಲ ಕಾಲೇಜು ಇದು. ಮೂಡಿಗೆರೆಯವರಿಗೆ ಬಸ್ಸಿನ ದಾರಿ. ಕಡೆಗೆ ೧೯೮೦ರಲ್ಲಿ ಆದಿಚುಂಚನಗಿರಿ ಮಠವು ಚಿಕ್ಕಮಗಳೂರಿನಲ್ಲಿಯೇ ಆದಿಚುಂಚನಗಿರಿ ತಾಂತ್ರಿಕ ಮಹಾವಿದ್ಯಾಲಯವನ್ನು ಸ್ಥಾಪಿಸಿತು. ರೈಲಿಗಿಂತ ಮೂವತ್ತಮೂರು ವರ್ಷ ಮುಂಚೆ ಆ ಊರಿಗೆ ಇಂಜನಿಯರಿಂಗ್ ಪದವಿ ಬಂದಿತೆನ್ನಬಹುದು. ಈ ನಡುವೆ ಇಂಟರ್‌ಮೀಡಿಯೇಟ್ ಹೋಗಿ ಪಿ.ಯು.ಸಿ. ಬಂದಿತು, ಅದು ಮೊದಲು ಒಂದು ವರ್ಷದ್ದಾಗಿ, ೧೯೭೦ರ ದಶಕದಲ್ಲಿ ಎರಡು ವರ್ಷದ್ದಾಯಿತು. ೧೯೯೪ರಿಂದ ಸಾಮಾನ್ಯ ಪ್ರವೇಶ ಪರೀಕ್ಷೆಯೂ, ೧೯೯೮ರಿಂದ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯವೂ ರಾಜ್ಯದ ಇಂಜನಿಯರಿಂಗ್ ಶಿಕ್ಷಣವನ್ನು ಒಂದು ಸೂತ್ರಕ್ಕೆ ತಂದವು.

ಇಷ್ಟರಿಂದ ಸಮಸ್ಯೆಯೆಲ್ಲ ಪರಿಹಾರವಾಯಿತೆಂದು ತಿಳಿಯಬಾರದು. ಇನ್ನೊಂದು ಮೆಟ್ಟಿಲು ಪಕ್ಕದಲ್ಲಿಯೇ ಬೇರೆಯಾಗಿ ಬೆಳೆಯುತ್ತಿತ್ತು. ಅದು ಪಾಲಿಟೆಕ್ನಿಕ್. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ೧೯೪೩ರಲ್ಲಿ ಬೆಂಗಳೂರಿನಲ್ಲಿ ಪ್ರಾರಂಭವಾದ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಈ ಜಾತಿಯ ಸಂಸ್ಥೆಗಳಿಗೆ ನಮ್ಮಲ್ಲಿ ದಾರಿ ತೋರಿಸಿತು. ಚಿಕ್ಕಮಗಳೂರಿಗೂ ಸರ್ಕಾರಿ ಪಾಲಿಟೆಕ್ನಿಕ್ ಬಂದಿತು. ಎಸ್.ಎಸ್.ಎಲ್.ಸಿ. ಮುಗಿಸಿದವನು ಮೂರು ವರ್ಷ ಓದಿ ಡಿಪ್ಲೊಮಾ ಪಡೆದು ಕೆಲಸಕ್ಕೆ ಸೇರಬಹುದು. ಬೇಗನೆ ಸಂಪಾದನೆಗೆ ನಿಲ್ಲಬೇಕಾದ ಮನೆಯ ಮಕ್ಕಳು ಇದನ್ನೇ ಆರಿಸಿಕೊಳ್ಳುವುದು ಸ್ವಾಭಾವಿಕ. ಆದರೆ ಈ ಮೆಟ್ಟಿಲಿನ ಮುಂದೆ ಬಹುಕಾಲ ಗೋಡೆಯಿತ್ತು. ಡಿಪ್ಲೊಮಾ ಪಡೆದವನಿಗೆ ಪದವಿಯ ಆಸೆ ಹುಟ್ಟಿದರೆ, ಉದ್ಯೋಗದಲ್ಲಿದ್ದುಕೊಂಡು ಸಂಜೆಯ ತರಗತಿಯಲ್ಲಿ ವರ್ಷಗಟ್ಟಲೆ ಓದಬೇಕು. ಆ ಸಂಜೆಯ ತರಗತಿಗಳು ಬೆಂಗಳೂರಿನಂಥ ನಗರಗಳಲ್ಲಿದ್ದವು. ಮೂಡಿಗೆರೆಯ ಉಪವಿಭಾಗದಲ್ಲಿ ರಸ್ತೆಯ ಮೇಲ್ವಿಚಾರಣೆಗೆ ನಿಂತ ಯುವಕನಿಗೆ ಅವು ಇದ್ದೂ ಇಲ್ಲದಂತೆಯೇ.

ಈ ಗೋಡೆಯಲ್ಲಿ ಬಾಗಿಲನ್ನು ಕೊರೆದುದು ಡಿಪ್ಲೊಮಾ ಪಡೆದವರಿಗೆ ಪದವಿಯ ಎರಡನೆಯ ವರ್ಷಕ್ಕೆ ನೇರವಾಗಿ ಪ್ರವೇಶ ಕೊಡುವ ಪದ್ಧತಿ. ರೂಢಿಯಲ್ಲಿ ಇದನ್ನು ಲ್ಯಾಟರಲ್ ಎಂಟ್ರಿ ಎನ್ನುವರು, ಇದಕ್ಕೆ ಡಿ.ಸಿ.ಇ.ಟಿ. ಎಂಬ ಪ್ರತ್ಯೇಕ ಪರೀಕ್ಷೆಯುಂಟು. ಇದರ ಲೆಕ್ಕವು ಸ್ವಾರಸ್ಯವಾದುದು. ಪಿ.ಯು.ಸಿ. ಮಾರ್ಗದಲ್ಲಿ ಎರಡು ವರ್ಷ, ಪದವಿಗೆ ನಾಲ್ಕು ವರ್ಷ, ಒಟ್ಟು ಆರು. ಪಾಲಿಟೆಕ್ನಿಕ್ ಮಾರ್ಗದಲ್ಲಿ ಮೂರು ವರ್ಷ, ಪದವಿಗೆ ಮೂರು ವರ್ಷ, ಒಟ್ಟು ಆರು. ಎರಡು ದಾರಿಗಳೂ ಸಮನಾದುವು. ಡಿಪ್ಲೊಮಾ ಪಡೆದವನನ್ನು ಪುನಃ ಮೊದಲನೆಯ ವರ್ಷದಲ್ಲಿ ಕೂರಿಸಿದರೆ ಏಳಾಗುವುದು. ಆ ಒಂದು ವರ್ಷದ ವೆಚ್ಚವೇ ಎಷ್ಟೋ ಮನೆಗಳಲ್ಲಿ ಆಸೆಯನ್ನು ಕಡಿದುಹಾಕುವಷ್ಟು ಭಾರವಾದುದು. ಇದಕ್ಕೂ ಕೆಳಗೆ ಎರಡು ವರ್ಷಗಳ ಐ.ಟಿ.ಐ. ತರಬೇತಿಯುಂಟಷ್ಟೆ. ಅದನ್ನು ಮುಗಿಸಿದವರಿಗೂ ಪಾಲಿಟೆಕ್ನಿಕ್ಕಿನ ಎರಡನೆಯ ವರ್ಷಕ್ಕೆ ಪ್ರವೇಶವುಂಟು. ಆದುದರಿಂದ ಫಿಟ್ಟರ್ ಕೆಲಸವನ್ನು ಕಲಿತ ಹುಡುಗನು ಎರಡು, ಎರಡು, ಮೂರು ಎಂದು ಏಳು ವರ್ಷಗಳಲ್ಲಿ ಪದವೀಧರ ಇಂಜನಿಯರ್ ಆಗುವ ಮಾರ್ಗವು ಇಂದು ನಿಯಮದಲ್ಲಿ ತೆರೆದಿದೆ. ಈ ದಾರಿಯ ಬಹುಭಾಗವನ್ನು ಜಿಲ್ಲೆಯನ್ನು ಬಿಡದೆಯೇ ನಡೆಯಬಹುದು.

ನಿಯಮದಲ್ಲಿ ತೆರೆದ ಬಾಗಿಲಿನೊಳಗೆ ನಡೆದು ಹೋಗುವುದು ಬೇರೆಯ ಮಾತು. ಕಳಸದ ಸುತ್ತಿನ ಒಂದು ಹಳ್ಳಿಯ ಹುಡುಗನನ್ನು ಊಹಿಸಿಕೊಳ್ಳೋಣ. ಡಿಪ್ಲೊಮಾದಲ್ಲಿ ಅವನು ಲೇತಿನ ಮೇಲೆ ಕೆಲಸ ಮಾಡಿರುವನು, ನಕ್ಷೆಯನ್ನು ಬರೆದಿರುವನು, ಮೋಟಾರನ್ನು ಬಿಚ್ಚಿ ಜೋಡಿಸಿರುವನು. ಎರಡನೆಯ ವರ್ಷದ ಪದವಿ ತರಗತಿಯಲ್ಲಿ ಕುಳಿತಾಗ ಕೈಕೆಲಸದಲ್ಲಿ ಅವನು ಪಿ.ಯು.ಸಿ.ಯಿಂದ ಬಂದವರಿಗಿಂತ ಮುಂದು. ಆದರೆ ಕಪ್ಪುಹಲಗೆಯ ಮೇಲೆ ಅವಕಲ ಸಮೀಕರಣವು ಬಂದೊಡನೆ ಹಿಂದೆ ಬೀಳುವನು. ಸಹಪಾಠಿಗಳು ಪಿ.ಯು.ಸಿ.ಯ ಎರಡು ವರ್ಷ, ಪದವಿಯ ಮೊದಲ ವರ್ಷ, ಹೀಗೆ ಮೂರು ವರ್ಷ ಅಭ್ಯಾಸ ಮಾಡಿದ ಗಣಿತವನ್ನು ಅವನು ಅಷ್ಟು ಆಳವಾಗಿ ಓದಿರುವುದಿಲ್ಲ. ಕಂಪನವಾಗಲಿ, ಶಾಖದ ಹರಿವಾಗಲಿ, ವಿದ್ಯುತ್ತಿನ ಮಂಡಲವಾಗಲಿ, ಮುಂದಿನ ಪಾಠಗಳೆಲ್ಲವೂ ಆ ಗಣಿತದ ಮೇಲೆಯೇ ನಿಂತಿರುವುವು.

ವಿಶ್ವವಿದ್ಯಾನಿಲಯವು ಇದನ್ನು ಕಾಣದೆ ಇರಲಿಲ್ಲ. ತಾಂತ್ರಿಕ ವಿಶ್ವವಿದ್ಯಾನಿಲಯದ ೨೦೧೫ ಮತ್ತು ೨೦೧೮ರ ಪಾಠಕ್ರಮಗಳಲ್ಲಿ ಡಿಪ್ಲೊಮಾದಿಂದ ಬಂದವರಿಗೆಂದೇ ಮೂರು ಮತ್ತು ನಾಲ್ಕನೆಯ ಸೆಮಿಸ್ಟರುಗಳಲ್ಲಿ ಹೆಚ್ಚುವರಿ ಗಣಿತವೆಂಬ ಎರಡು ಪತ್ರಿಕೆಗಳನ್ನು ಗೊತ್ತುಪಡಿಸಲಾಗಿತ್ತು. ಕಲನಶಾಸ್ತ್ರ, ಅವಕಲ ಸಮೀಕರಣ, ರೇಖೀಯ ಬೀಜಗಣಿತ, ಸಂಭವನೀಯತೆ ಮುಂತಾದ ವಿಷಯಗಳು ಅವುಗಳಲ್ಲಿ ಸೇರಿದ್ದವು. ಶ್ರೇಣಿಯ ಲೆಕ್ಕಕ್ಕೆ ಅವು ಬರುತ್ತಿರಲಿಲ್ಲ; ಆದರೆ ತೇರ್ಗಡೆಯಾಗದೆ ಪದವಿ ದೊರೆಯುತ್ತಿರಲಿಲ್ಲ. ಇದು ಹೊಳೆಗೆ ಹಾಕಿದ ಒಂದು ಸಂಕ. ಆದರೆ ಅದು ಪೂರ್ತಿಯಾಗಿ ಒಂದೇ ದಡದಿಂದ ಹಾಕಿದ ಸಂಕವೆಂಬುದನ್ನು ಗಮನಿಸಬೇಕು. ವಿದ್ಯಾರ್ಥಿಯು ಸೆಮಿಸ್ಟರಿನ ಉಳಿದ ಪಾಠಗಳ ಜೊತೆಗೆ ಇದನ್ನೂ ಹೊರಬೇಕು. ಯಾವ ಗಣಿತದ ಬೆಂಬಲ ಅವನಿಗೆ ಬೇಕಾಗಿದೆಯೋ ಆ ಗಣಿತವನ್ನೂ, ಅದರ ಮೇಲೆ ಕಟ್ಟಿದ ಪಾಠವನ್ನೂ ಒಂದೇ ತಿಂಗಳಲ್ಲಿ ಕಲಿಯಬೇಕು. ಪಾಲಿಟೆಕ್ನಿಕ್ಕಿನ ಪಾಠಪಟ್ಟಿಯು ತಾಂತ್ರಿಕ ಶಿಕ್ಷಣ ಇಲಾಖೆಯದು, ಪದವಿಯ ಪಾಠಪಟ್ಟಿಯು ವಿಶ್ವವಿದ್ಯಾನಿಲಯದ್ದು. ಇಂಟರ್‌ಮೀಡಿಯೇಟ್ ಕಾಲದಲ್ಲಿ ಒಂದೇ ಕೈಯಲ್ಲಿದ್ದ ಎರಡು ಎಳೆಗಳು ಇಲ್ಲಿ ಎರಡು ಕೈಗಳಲ್ಲಿವೆ.

ಈ ತೊಡಕು ನಮ್ಮ ನಾಡಿಗೆ ಮಾತ್ರ ಸೇರಿದುದಲ್ಲ. ಅಮೆರಿಕಾ ದೇಶದಲ್ಲಿ ೧೯೦೧ರಲ್ಲಿ ಜೋಲಿಯೆಟ್ ಎಂಬ ಊರಿನಲ್ಲಿ ಮೊದಲ ಸಾರ್ವಜನಿಕ ಜೂನಿಯರ್ ಕಾಲೇಜು ತೆರೆಯಿತು. ಪದವಿಯ ಮೊದಲೆರಡು ವರ್ಷಗಳನ್ನು ಊರಿನಲ್ಲಿಯೇ ಓದಿ, ಉಳಿದ ಎರಡನ್ನು ವಿಶ್ವವಿದ್ಯಾನಿಲಯದಲ್ಲಿ ಮುಗಿಸಲಿ ಎಂಬುದು ಅದರ ಉದ್ದೇಶ. ಆ ದೇಶದಲ್ಲಿ ಅನೇಕ ಕಡೆ ಎರಡು ವರ್ಷದ ಕಾಲೇಜೂ ವಿಶ್ವವಿದ್ಯಾನಿಲಯವೂ ಕೂಡಿ ಕುಳಿತು, ಇಲ್ಲಿಯ ಯಾವ ಪಾಠವು ಅಲ್ಲಿಯ ಯಾವ ಪಾಠಕ್ಕೆ ಸಮವೆಂದು ಒಂದೊಂದಾಗಿ ಒಪ್ಪಂದ ಮಾಡಿಕೊಳ್ಳುವ ಪದ್ಧತಿ ಬೆಳೆಯಿತು. ನಮಗೆ ಹೆಚ್ಚು ಪ್ರಸ್ತುತವಾದ ಉದಾಹರಣೆ ಮಿನೆಸೋಟ ಪ್ರಾಂತದ್ದು. ಅಲ್ಲಿಯ ಕಬ್ಬಿಣದ ಗಣಿಗಳ ಸೀಮೆಯಲ್ಲಿ ೨೦೧೦ರಲ್ಲಿ ಐರನ್ ರೇಂಜ್ ಇಂಜನಿಯರಿಂಗ್ ಎಂಬ ಏರ್ಪಾಡು ಪ್ರಾರಂಭವಾಯಿತು. ವಿದ್ಯಾರ್ಥಿಗಳು ಸ್ಥಳೀಯ ಕಾಲೇಜುಗಳಲ್ಲಿ ಮೊದಲ ಎರಡು ವರ್ಷಗಳನ್ನು ಓದಿ, ಮುಂದಿನ ಎರಡು ವರ್ಷಗಳನ್ನೂ ಆ ಸೀಮೆಯಲ್ಲಿಯೇ, ಸುತ್ತಲ ಕೈಗಾರಿಕೆಗಳ ನಿಜವಾದ ಸಮಸ್ಯೆಗಳನ್ನು ಬಿಡಿಸುತ್ತ ಕಲಿತರು; ಪದವಿಯನ್ನು ಕೊಟ್ಟುದು ನೂರಾರು ಮೈಲಿ ದೂರದ ಮ್ಯಾಂಕೇಟೋ ನಗರದ ವಿಶ್ವವಿದ್ಯಾನಿಲಯ. ಅಲ್ಲಿ ವಿದ್ಯಾರ್ಥಿಯು ವಿಶ್ವವಿದ್ಯಾನಿಲಯದ ಕಡೆಗೆ ಹೊರಡಲಿಲ್ಲ. ವಿಶ್ವವಿದ್ಯಾನಿಲಯವೇ ಅವನ ಊರಿಗೆ ಬಂದಿತು.

ಇದನ್ನು ಓದಿದಾಗ ಕುದುರೆಮುಖವು ನೆನಪಿಗೆ ಬಾರದೆ ಇರದು. ಅಯ್ಯಂಗಾರ್ಯರು ಗುರುತಿಸಿದ ಅದಿರನ್ನು ತೆಗೆಯುವುದಕ್ಕೆ ೧೯೭೬ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಸಂಸ್ಥೆಯು ಸ್ಥಾಪಿತವಾಯಿತು. ಲಕ್ಯಾ ಹೊಳೆಗೆ ಸುಮಾರು ನೂರು ಮೀಟರ್ ಎತ್ತರದ ಕಟ್ಟೆ, ಪುಡಿಮಾಡಿದ ಅದಿರನ್ನು ನೀರಿನಲ್ಲಿ ಕಲಸಿ ಘಟ್ಟದಿಂದ ಮಂಗಳೂರಿಗೆ ಇಳಿಸುವ ಸುಮಾರು ೬೭ ಕಿಲೋಮೀಟರ್ ಉದ್ದದ ಕೊಳವೆ ಮಾರ್ಗ: ಇಂಥ ಇಂಜನಿಯರಿಂಗ್ ಕಾರ್ಯಗಳು ಕಳಸದ ನೆರೆಯಲ್ಲಿಯೇ ನಡೆದವು. ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಂತೆ ೨೦೦೫ರ ಡಿಸೆಂಬರ್ ೩೧ಕ್ಕೆ ಗಣಿಯು ನಿಂತಿತು. ಕಾಡಿನ ಮತ್ತು ಭದ್ರಾನದಿಯ ಹಿತದೃಷ್ಟಿಯಿಂದ ಅದು ನಿಂತುದು ಯುಕ್ತವೇ ಆಗಿರಬಹುದು. ನಾವು ವಿಷಾದಿಸಬೇಕಾದುದು ಬೇರೊಂದನ್ನು. ಅಷ್ಟು ವರ್ಷಗಳ ಕಾಲ ಯಂತ್ರಗಳೂ ತಜ್ಞರೂ ಆ ಬೆಟ್ಟದಲ್ಲಿದ್ದಾಗ, ಜಿಲ್ಲೆಯ ಪಾಲಿಟೆಕ್ನಿಕ್, ಇಂಜನಿಯರಿಂಗ್ ಕಾಲೇಜು ಮತ್ತು ಗಣಿ ಇವು ಮೂರೂ ಸೇರಿ ಬೆಟ್ಟದಲ್ಲಿಯೇ ಪದವಿಯನ್ನು ಕೊಡುವ ಒಂದು ವ್ಯಾಸಂಗಕ್ರಮವು ಬೇರುಬಿಡಲಿಲ್ಲ. ಗಣಿಯೊಡನೆ ಆ ಅವಕಾಶವೂ ಕೈಬಿಟ್ಟುಹೋಯಿತು.

ಆದರೆ ಬೆಟ್ಟದ ಕೆಲಸ ಮುಗಿದಿಲ್ಲ. ೨೦೧೯ರ ಆಗಸ್ಟ್ ತಿಂಗಳ ಮಳೆಯಲ್ಲಿ ಮೂಡಿಗೆರೆಯ ಸೀಮೆಯಲ್ಲಿ ಗುಡ್ಡಗಳು ಕುಸಿದು ಮನೆಗಳೂ ತೋಟಗಳೂ ಹಾಳಾದವು. ಚಾರ್ಮಾಡಿಯ ರಸ್ತೆಯು ಮುಚ್ಚಿಹೋಯಿತು. ಯಾವ ಇಳಿಜಾರಿನಲ್ಲಿ ಮಣ್ಣು ನೀರನ್ನು ಎಷ್ಟು ಹೀರುವುದು, ರಸ್ತೆಗಾಗಿ ಬುಡವನ್ನು ಕಡಿದರೆ ಗುಡ್ಡವು ಯಾವಾಗ ಜಾರುವುದು, ಒರತೆಯನ್ನು ಯಾವ ಕಡೆಗೆ ಬಿಡಿಸಿ ಹರಿಸಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ಕೊಡುವವರು ಬೇಕಾಗಿರುವರು. ಈ ಮಳೆಯನ್ನು ಹುಟ್ಟಿನಿಂದ ಕಂಡವನು ಆ ಗಣಿತವನ್ನೂ ಕಲಿತರೆ ಅವನಿಗಿಂತ ಯೋಗ್ಯರು ಸಿಕ್ಕುವುದು ದುರ್ಲಭ.

ಅವನನ್ನು ಸಿದ್ಧಮಾಡುವುದಕ್ಕೆ ಹೊಸ ಕಟ್ಟಡಗಳು ಬೇಕಿಲ್ಲ. ಐ.ಟಿ.ಐ.ಗಳು ಇವೆ, ಪಾಲಿಟೆಕ್ನಿಕ್ ಇದೆ, ಇಂಜನಿಯರಿಂಗ್ ಕಾಲೇಜು ಇದೆ. ಒಂದೆಡೆ ಗಳಿಸಿದ ಪಾಠದ ಬೆಲೆಯನ್ನು ಇನ್ನೊಂದೆಡೆಗೆ ಒಯ್ಯಲು ೨೦೨೧ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಅಂಕಗಳ ಕೋಠಿಯಂಥ ಒಂದು ಏರ್ಪಾಡನ್ನೂ ರಚಿಸಿದೆ. ಆಗಬೇಕಾದುದು ಇಷ್ಟು: ಡಿಪ್ಲೊಮಾದ ಗಣಿತದ ಅಧ್ಯಾಪಕರೂ ಪದವಿಯ ಗಣಿತದ ಅಧ್ಯಾಪಕರೂ ವರ್ಷಕ್ಕೊಮ್ಮೆ ಒಂದು ಮೇಜಿನ ಸುತ್ತ ಕುಳಿತು, ಯಾವುದು ಎಲ್ಲಿ ಮುಗಿಯಬೇಕು, ಯಾವುದು ಎಲ್ಲಿ ಮೊದಲಾಗಬೇಕು ಎಂದು ಗೊತ್ತುಮಾಡಿಕೊಳ್ಳುವುದು, ಪದವಿಗೆ ಹೋಗಬಯಸುವ ಡಿಪ್ಲೊಮಾ ವಿದ್ಯಾರ್ಥಿಗೆ ಆ ಹೆಚ್ಚುವರಿ ಗಣಿತವನ್ನು ಪಾಲಿಟೆಕ್ನಿಕ್ಕಿನ ಕೊನೆಯ ವರ್ಷದಲ್ಲಿಯೇ, ಅವನ ಕೈಕೆಲಸದ ಉದಾಹರಣೆಗಳ ಮೂಲಕ, ಕಲಿಸುವುದು, ಎರಡು ಸಂಸ್ಥೆಗಳ ಮಕ್ಕಳನ್ನೂ ಮಳೆಗಾಲ ಕಳೆದ ಮೇಲೆ ಒಂದೇ ಗುಡ್ಡಕ್ಕೆ ಕರೆದುಕೊಂಡು ಹೋಗಿ ಅಳೆಯಿಸುವುದು. ಪುಣೆಗೆ ಹೊರಟ ಬಡ ವಿದ್ಯಾರ್ಥಿಗೆ ನೂರನಲವತ್ತು ವರ್ಷಗಳ ಹಿಂದೆ ಈ ಸಂಸ್ಥಾನವು ಮುಂದಿನ ಮೆಟ್ಟಿಲಿಗೆ ಕೈಕೊಟ್ಟು ಹತ್ತಿಸಿತು. ಕಳಸದ ವಿದ್ಯಾರ್ಥಿಗೂ ವಿದ್ಯಾರ್ಥಿನಿಗೂ ಬೇಕಾಗಿರುವುದು ಅಷ್ಟೇ ಸಹಾಯ. ಅದನ್ನು ಕೊಡುವ ಅಧಿಕಾರವುಳ್ಳವರಲ್ಲಿ ಬಹುಮಂದಿ ಪಟ್ಟಣಗಳಲ್ಲಿರುವ ನಾವುಗಳೇ ಆಗಿರುವುದರಿಂದ ಈ ವಿಷಯವನ್ನು ಇಲ್ಲಿ ಅರಿಕೆ ಮಾಡಿದೆವು.